ಚೀಲದಲ್ಲಿಲ್ಲದ ಆಲೂಗಡ್ಡೆ

ಅಕ್ಟೋಬರ್ ಬಂತೆಂದರೆ ಅವರು ನಮ್ಮ ಮನೆಗೆ ಬರುವುದನ್ನು ನಿಲ್ಲಿಸುತ್ತಿದ್ದರು. ಮೇ ತಿಂಗಳಲ್ಲೂ ಅಷ್ಟೇ. ಉಳಿದ ದಿನಗಳಲ್ಲಿ ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಕಾಫಿಗೆ ಬಂದು, ಕಿಟಕಿಯ ಪಕ್ಕ ಕೂತು, ಮೊಬೈಲಿನಲ್ಲಿ ಊರಿನ ಸುದ್ದಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ ಮನುಷ್ಯ, ಪರೀಕ್ಷೆ ಹತ್ತಿರ ಬಂದ ಕೂಡಲೇ ಮೆಟ್ಟಿಲ ಮೇಲೆ ಎದುರಾದರೂ ತಲೆ ಬಗ್ಗಿಸಿ ಹೋಗಿಬಿಡುತ್ತಿದ್ದರು. ನೈರೋಬಿಯ ಹೈರಿಡ್ಜ್‌ನ ಈ ಕಟ್ಟಡದಲ್ಲಿ ಅವರದು ಮೂರನೇ ಮಹಡಿ, ನಮ್ಮದು ಎರಡನೆಯದು. ಕೊಬ್ಬು ಎಂದರು ಜನ. ಮೊದಲ ವರ್ಷ ನಾನೂ ಅಂದೆ.

ಕೊಬ್ಬಲ್ಲ, ಅವರ ಕೆಲಸವೇ ಹಾಗಿತ್ತು. ಇಂಗ್ಲೆಂಡಿನ ಬೋರ್ಡಿನ ಪರೀಕ್ಷೆ ನಡೆಸುವ ಒಂದು ಖಾಸಗಿ ಶಾಲೆಯಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಪಾಠ ಹೇಳುವವರಲ್ಲ. ಸೀಸೆ ತೊಳೆಯುವುದು, ದ್ರಾವಣ ಬೆರೆಸುವುದು, ಬರ್ನರ್ ರಿಪೇರಿ ಮಾಡುವುದು ಅವರ ಕೆಲಸ. ನಾನು ಮೇಷ್ಟ್ರೇ ಎಂದರೆ ಪ್ರತಿ ಸಲ ತಿದ್ದುತ್ತಿದ್ದರು. "ಮೇಷ್ಟ್ರಲ್ಲಮ್ಮ, ಲ್ಯಾಬ್‌ನವನು." ಗೇಟಿನ ಹತ್ತಿರ ತರಕಾರಿ ಮಾರುವ ಹೆಂಗಸು ಮಾಮಾ ಮ್ಬೋಗಾ 'ಮ್ವಾಲಿಮು', ಅಂದರೆ ಮೇಷ್ಟ್ರೇ, ಎಂದು ಕೂಗಿದರೆ ಅವಳಿಗೂ ಸ್ವಾಹಿಲಿಯಲ್ಲಿ ಅದೇ ತಿದ್ದುಪಡಿ. ಅವಳು ನಕ್ಕು ಮತ್ತೆ ಮ್ವಾಲಿಮು ಎನ್ನುತ್ತಿದ್ದಳು. ನಾನೂ ಮೇಷ್ಟ್ರೇ ಎನ್ನುವುದನ್ನು ಬಿಡಲಿಲ್ಲ. ಮಕ್ಕಳಿಗೆ ಅವರು ಲ್ಯಾಬ್ ಅಂಕಲ್.

ಹೆಸರು ಬರೆಯುವುದಿಲ್ಲ. ನಮ್ಮ ಕನ್ನಡ ಕೂಟದ ಈ ಸಂಚಿಕೆ ಓದುವವರಿಗೆ ಯಾರೆಂದು ಗೊತ್ತಾಗುತ್ತದೆ. ಆ ಮನುಷ್ಯ ಪರೀಕ್ಷೆಯ ಗುಟ್ಟು ಹೊರಗೆ ಬಿಟ್ಟರು, ಅದಕ್ಕೇ ಶಾಲೆಯವರು ಲ್ಯಾಬಿನ ಕೀ ಕಿತ್ತುಕೊಂಡರು ಎಂದು ನೀವೆಲ್ಲ ನಂಬಿದ್ದೀರಿ. ಅವರು ಬಿಡಲಿಲ್ಲ. ಅದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ. ಹೊಗಳುವುದಕ್ಕಲ್ಲ.

ಹೊಗಳುವಂಥ ಆಳೂ ಅಲ್ಲ ನೋಡುವುದಕ್ಕೆ. ಕುಳ್ಳು, ಕಿವಿಯಲ್ಲಿ ಕೂದಲು, ಬಲಗೈ ಹೆಬ್ಬೆರಳು ಅಯೋಡಿನ್ ತಾಗಿ ತಾಗಿ ಕಂದು ಬಣ್ಣ. ಹತ್ತಿರ ಬಂದರೆ ಸ್ಪಿರಿಟ್ ವಾಸನೆ. ಲೋಟದಲ್ಲಿ ಕಾಫಿ ಕೊಟ್ಟರೆ ನೇರ ಕುಡಿಯುತ್ತಿರಲಿಲ್ಲ. ಮೇಜಿನ ಮೇಲಿಟ್ಟು, ಸೊಂಟ ಬಗ್ಗಿಸಿ, ಕಣ್ಣನ್ನು ಕಾಫಿಯ ಮಟ್ಟಕ್ಕೆ ತಂದು ಒಮ್ಮೆ ನೋಡಬೇಕು.

"ಏನು ನೋಡ್ತೀರಿ? ವಿಷ ಹಾಕಿದೀನಾ?" ಎಂದು ಕೇಳಿದ್ದೆ.

"ಅಭ್ಯಾಸ ಅಮ್ಮ. ಅಳತೆ ನೋಡೋವಾಗ ಸೀಸೆ ಎತ್ತಬಾರದು, ನಾವು ಬಗ್ಗಬೇಕು. ಮಕ್ಕಳು ಸೀಸೆ ಎತ್ತುತ್ತಾರೆ. ಅಲ್ಲೇ ಒಂದು ಮಾರ್ಕು ಹೋಯ್ತು."

ಅವರ ಊರು ತಿಪಟೂರಿನ ಕಡೆ. ಮದುವೆ ಆಗಿತ್ತೋ ಇಲ್ಲವೋ ಕೇಳಿದವಳಲ್ಲ ನಾನು. ಒಂಟಿಯಾಗಿದ್ದರು, ನಮ್ಮ ಮನೆಯಲ್ಲಿ ದಿನಾ ಸಾರು ಆಗುತ್ತಿತ್ತು, ಸಂಜೆ ಒಂದು ಡಬ್ಬಿ ಮೇಲಕ್ಕೆ ಹೋಗುತ್ತಿತ್ತು. ಡಬ್ಬಿ ಮಾರನೇ ದಿನ ಬೆಳ್ಳಗೆ ತೊಳೆದು ವಾಪಸು ಬರುತ್ತಿತ್ತು. ನಮ್ಮಿಬ್ಬರ ಸಂಬಂಧ ಅಷ್ಟೇ.

ಪರೀಕ್ಷೆ ಎಂದರೆ ಏನು ಎಂದು ನನಗೆ ತಿಳಿಸಿದವರು ಅವರೇ. ನಾನು ಓದಿದ್ದು ಮೂರನೇ ಕ್ಲಾಸು. ನನಗೆ ಗೊತ್ತಿದ್ದ ಪರೀಕ್ಷೆ ಒಂದು ಬೆಳಿಗ್ಗೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುವಂಥದ್ದು. ಮೊಮ್ಮಗಳು ತನ್ವಿಯ ಪರೀಕ್ಷೆ ನೋಡಿದರೆ ತಿಂಗಳಾದರೂ ಮುಗಿಯದು. ಮಗಳು ಅಳಿಯ ಇಬ್ಬರೂ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಆಫೀಸು, ಬೆಳಿಗ್ಗೆ ಹೋದರೆ ಟ್ರಾಫಿಕ್ ದಾಟಿ ಬರುವುದು ಕತ್ತಲಿಗೆ. ಹುಡುಗಿಯನ್ನು ಯಾವ ದಿನ ಎಬ್ಬಿಸಬೇಕು, ಯಾವ ದಿನ ಮಲಗಲು ಬಿಡಬೇಕು ಎಂಬುದು ನನ್ನ ತಲೆನೋವು. ಅವರು ಒಂದು ಹಾಳೆಯಲ್ಲಿ ಮನೆ ಮನೆ ಗೆರೆ ಎಳೆದು, ಬಣ್ಣ ಹಚ್ಚಿ, ನಮ್ಮ ಫ್ರಿಜ್ಜಿಗೆ ಅಂಟಿಸಿದರು.

"ಒಂದೊಂದು ಸೈನ್ಸಿಗೂ ಮೂರು ಪೇಪರ್ ಅಮ್ಮ. ಹಸಿರು ಗುರುತು ಹಾಕೋದು. ನಾಲ್ಕು ಉತ್ತರ ಕೊಟ್ಟಿರ್ತಾರೆ, ಒಂದು ಆರಿಸೋದು. ನೀಲಿ ಬರೆಯೋದು. ಕೆಂಪು ಮಾಡೋದು, ಅದೇ ಪ್ರಾಕ್ಟಿಕಲ್. ಕೆಂಪು ಮೊದಲು ಬರುತ್ತೆ, ಹಸಿರು ಕೊನೆಗೆ."

"ಒಂದೇ ದಿನ ಮೂರೂ ಮುಗಿಸಿದ್ರೆ ಏನು ಗಂಟು ಹೋಗುತ್ತೆ ಅವರದ್ದು?"

"ಲೋಕದಲ್ಲಿ ಎಲ್ಲಾ ಕಡೆ ಇದೇ ಪರೀಕ್ಷೆ ನಡೆಯುತ್ತಮ್ಮ. ಇಲ್ಲಿ ಬೆಳಿಗ್ಗೆ ಅಂದ್ರೆ ಇನ್ನೆಲ್ಲೋ ಮಕ್ಕಳು ಇನ್ನೂ ಎದ್ದಿರಲ್ಲ. ಇಲ್ಲಿ ಬರೆದವನು ಅಲ್ಲಿಗೆ ಫೋನ್ ಮಾಡಬಾರದು. ಅದಕ್ಕೆ ಇಷ್ಟು ಲೆಕ್ಕಾಚಾರ. ಪರೀಕ್ಷೆ ಮುಗಿದ ಮೇಲೂ ಒಂದು ದಿನ ಅದರ ಮಾತು ಆಡಬಾರದು."

ಕೆಂಪು ಪೇಪರಿನ ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪ್ರಾಕ್ಟಿಕಲ್‌ಗೆ ಏನೇನು ಜೋಡಿಸಬೇಕು ಎಂಬ ಪಟ್ಟಿಯನ್ನು ಬೋರ್ಡಿನವರು ಕೆಲವು ವಾರ ಮುಂಚೆಯೇ ಕಳಿಸುತ್ತಾರೆ. ಇಲ್ಲದಿದ್ದರೆ ಲ್ಯಾಬ್‌ನವರು ತಯಾರಿ ಮಾಡುವುದು ಹೇಗೆ? ಆ ಪಟ್ಟಿ ನೋಡಿದವನಿಗೆ ಪ್ರಶ್ನೆ ಏನು ಎಂಬುದು ಮುಕ್ಕಾಲು ಪಾಲು ತಿಳಿದ ಹಾಗೇ. ಹೇಳುವುದಿಲ್ಲ ಎಂದು ಸೈನ್ ಹಾಕಿ ತೆರೆಯಬೇಕು. ತೆರೆದ ದಿನದಿಂದ ಅವರು ಯಾರ ಮನೆಗೂ ಹೋಗುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಪರೀಕ್ಷೆಗೆ ಕೂರುವ ಒಂದು ಮಗು, ಆ ಮಗುವಿಗೊಬ್ಬಳು ತಾಯಿ, ಆ ತಾಯಿಯ ಕೈಯಲ್ಲಿ ಒಂದು ತಟ್ಟೆ ಕೇಸರಿಬಾತು. ಮಾತು ಜಾರಲಿಕ್ಕೆ ಇನ್ನೇನು ಬೇಕು.

ಇನ್ನೊಂದು ವಿಷಯ. ಮಕ್ಕಳು ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಿರುವಾಗ ಇವರೂ ಹಿಂದಿನ ಕೋಣೆಯಲ್ಲಿ ಅದನ್ನೇ ಮಾಡಿ, ಉತ್ತರ ಬರೆದು, ಮಕ್ಕಳ ಉತ್ತರದ ಜೊತೆ ಇಂಗ್ಲೆಂಡಿಗೆ ಕಳಿಸಬೇಕಿತ್ತು. ಇದೇಕೆ ಎಂದು ಕೇಳಿದೆ.

"ನೈರೋಬಿ ಎತ್ತರದಲ್ಲಿದೆಯಲ್ಲಮ್ಮ, ಇಲ್ಲಿ ನೀರು ಬೇಗ ಕುದಿಯುತ್ತೆ."

"ಬೇಳೆ ಬೇಗ ಬೇಯಲ್ಲ," ಎಂದೆ ನಾನು. ಕುಕ್ಕರಿಲ್ಲದೆ ಈ ಊರಿನಲ್ಲಿ ತೊಗರಿಬೇಳೆ ಬೇಯಿಸಿದವರಿಗೆ ಗೊತ್ತು.

"ಅದೇ. ಮಕ್ಕಳ ಉತ್ತರ ಅವರ ಪುಸ್ತಕಕ್ಕಿಂತ ಬೇರೆ ಬಂದ್ರೆ, ತಪ್ಪು ಮಕ್ಕಳದ್ದಾ, ಇಲ್ಲಿನ ನೀರಿನದ್ದಾ? ನನ್ನ ಹಾಳೆ ನೋಡಿ ತೀರ್ಮಾನ ಮಾಡ್ತಾರೆ." ಆಮೇಲೆ ನಕ್ಕರು. "ನೋಡಿ, ವರ್ಷಕ್ಕೆರಡು ಸಲ ಪರೀಕ್ಷೆ ಬರೀತೀನಿ. ಒಂದು ಸಲಾನೂ ನನ್ನ ರಿಸಲ್ಟ್ ಬರಲಿಲ್ಲ."

ಆ ಹಿಂದಿನ ಕೋಣೆ ಅವರ ದೇವರ ಮನೆ ಇದ್ದ ಹಾಗೆ. ಬೇರೇನೂ ಅವರಿಗೆ ಬೇಕಿರಲಿಲ್ಲ.

ಬಯಾಲಜಿ ಪ್ರಾಕ್ಟಿಕಲ್‌ಗೆ ಕೆಲವೊಮ್ಮೆ ತರಕಾರಿ, ಹಣ್ಣು ಬೇಕಾಗುತ್ತದೆ, ವಾರ ಮುಂಚೆ ಅವರು ಮಾಡಿ ನೋಡುವುದಕ್ಕೂ ಬೇಕು. ಅವರು ಒಂದು ತರಕಾರಿ ಮುಟ್ಟಿದರೆ ಸಾಕು, ಮಾಮಾ ಮ್ಬೋಗಾಳ ಗಾಡಿಯ ಪಕ್ಕದಲ್ಲಿ ಕೊತ್ತಂಬರಿ ಆರಿಸುವ ನೆಪದಲ್ಲಿ ನಿಂತ ತಾಯಂದಿರು ಮನೆಗೆ ಓಡುತ್ತಿದ್ದರು. ಅದಕ್ಕೆ ಅವರು ಒಂದು ಉಪಾಯ ಮಾಡಿದ್ದರು. ಗಾಡಿಯಲ್ಲಿ ಇರುವುದೆಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಳ್ಳುವುದು. ಆಲೂಗಡ್ಡೆ, ಈರುಳ್ಳಿ, ಬೀಟ್‌ರೂಟ್, ನಿಂಬೆ, ಕಿತ್ತಳೆ, ಬಾಳೆ, ಹುರುಳಿಕಾಯಿ, ಸುಕುಮಾ ಸೊಪ್ಪು. ಬೇಕಾದದ್ದನ್ನು ತೆಗೆದುಕೊಂಡು ಉಳಿದದ್ದನ್ನು ಚೀಲದಲ್ಲಿ ನನಗೆ ಕೊಡುತ್ತಿದ್ದರು. ನನಗೂ ಗೊತ್ತಾಗಬಾರದು ಎಂದು ಬೇಕಾದದ್ದರಲ್ಲೂ ಒಂದೆರಡು ಚೀಲದಲ್ಲಿ ಬಿಟ್ಟಿರುತ್ತಿದ್ದರು. ಎಷ್ಟು ವರ್ಷ ಆ ಚೀಲ ಬಿಚ್ಚಿ ಹುಳಿ ಮಾಡಿದ್ದೇನೆ, ಒಂದು ಸಲವೂ ಏನೂ ತಿಳಿಯಲಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ತನ್ವಿ ಪ್ರಾಕ್ಟಿಕಲ್ ಕೆಡಿಸಿದಳು. ಕೈ ಜಾರಿ ಟ್ಯೂಬು ಒಡೆದು, ಅಳುತ್ತಾ ಕೂತಳಂತೆ. ಬಯಾಲಜಿಯಲ್ಲಿ ಬಂದ ಗ್ರೇಡು ಸಾಲಲಿಲ್ಲ. ಮುಂದಿನ ಎರಡು ವರ್ಷ ಸೈನ್ಸ್ ಸಿಗಬೇಕಾದರೆ ಅಕ್ಟೋಬರಿನಲ್ಲಿ ಮತ್ತೆ ಮೂರೂ ಪೇಪರ್ ಬರೆಯಬೇಕು. ಹುಡುಗಿಗೆ ಪ್ರಾಣಿಗಳ ಡಾಕ್ಟರಾಗುವ ಹುಚ್ಚು. ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳೂ ಅವರೇ ನಮ್ಮ ಅಡುಗೆಮನೆಯಲ್ಲಿ ಅವಳಿಗೆ ಅಭ್ಯಾಸ ಮಾಡಿಸಿದರು, ಪಟ್ಟಿ ಬರುವ ಮುಂಚೆ. ಸೀಸೆಗಳ ಮೇಲೆ ಹೆಸರಿಲ್ಲದೆ ಎ, ಬಿ, ಸಿ ಎಂದು ಬರೆದು ಇಡುತ್ತಿದ್ದರು.

"ಒಳಗೆ ಏನಿದೆ ಅಂತ ಕೇಳಬೇಡ. ಏನಾಗುತ್ತೆ ಅಂತ ನೋಡು. ನೋಡಿದ್ದನ್ನು ಬರಿ."

"ಬಟ್ ಅಂಕಲ್, ಐ ಗೆಟ್ ಸ್ಕೇರ್ಡ್."

"ಹೆದರಿಕೊಂಡೇ ನೋಡು. ಯಾರು ಬೇಡ ಅಂದ್ರು?"

ಅಕ್ಟೋಬರ್ ಬಂತು, ಅವರ ಬಾಗಿಲು ಮುಚ್ಚಿತು. ಒಂದು ಸಂಜೆ ಹುಡುಗಿಯ ಕೈಲಿ ಕೊಡದೆ ಡಬ್ಬಿ ಹಿಡಿದು ನಾನೇ ಹತ್ತಿದೆ. ಅರ್ಧ ತೆರೆದ ಬಾಗಿಲಲ್ಲಿ ಕೈ ಚಾಚಿದರು.

"ಮೇಷ್ಟ್ರೇ, ಒಂದೇ ಮಾತು. ತರಕಾರೀನಾ, ಹಣ್ಣಾ? ಅಷ್ಟು ಹೇಳಿ ಸಾಕು."

"ನಿನ್ನೆ ಸಾರು ಚೆನ್ನಾಗಿತ್ತಮ್ಮ."

"ನಿಮ್ಮ ಬಾಯಿ ಏನು ಹೊಲಿದಿದಾರಾ?"

"ಸೈನ್ ಹಾಕಿದೀನಿ."

"ಇಷ್ಟು ವರ್ಷ ಅನ್ನ ಹಾಕಿದೀನಿ ನಾನು."

ಅವರು ಡಬ್ಬಿ ತೆಗೆದುಕೊಂಡು, ಅದನ್ನು ನೋಡುತ್ತಾ ನಿಂತರು. ವಾಪಸು ಕೊಡಬೇಕೋ ಇಟ್ಟುಕೊಳ್ಳಬೇಕೋ ಎಂದು ತೋಚದವರ ಹಾಗೆ. ನಾನು ಇಳಿದು ಬಂದೆ. ಆಡಬಾರದ ಮಾತು ಆಡಿದ್ದೆ, ಗೊತ್ತಿತ್ತು.

ಆ ಭಾನುವಾರ ಚೀಲ ಬಂತು. ನಮ್ಮ ಬಾಗಿಲ ಹಿಡಿಗೆ ಸಿಕ್ಕಿಸಿ ಹೋಗಿದ್ದರು. ಕಟ್ಟೆಯ ಮೇಲೆ ಸುರಿದೆ. ಎಲ್ಲ ಇತ್ತು, ಆಲೂಗಡ್ಡೆ ಇರಲಿಲ್ಲ. ಚೀಲ ತಿರುಗಿಸಿ ಕೊಡವಿದೆ. ಒಂದೂ ಇಲ್ಲ. ಹಿಂದಿನ ದಿನ ಅವರು ಆಲೂಗಡ್ಡೆ ಕೊಂಡದ್ದನ್ನು ಬಾಲ್ಕನಿಯಿಂದ ನಾನೇ ನೋಡಿದ್ದೆ. ಇಷ್ಟು ವರ್ಷದಲ್ಲಿ ಒಂದು ಸಲ ಲೆಕ್ಕ ತಪ್ಪಿದ್ದರು.

"ತನ್ವಿ, ಬಾ ಇಲ್ಲಿ. ಆಲೂಗಡ್ಡೆ."

"ವಾಟ್ ಆಲೂಗಡ್ಡೆ?"

"ಚೀಲದಲ್ಲಿ ಇಲ್ಲ. ಅದೇ ಬರೋದು. ಆಲೂಗಡ್ಡೆಯಿಂದ ಏನೇನು ಮಾಡಿಸ್ತಾರೋ ಅಷ್ಟೂ ಓದು."

ಹುಡುಗಿ ನನ್ನ ಮುಖ ನೋಡಿದಳು. "ಅಜ್ಜಿ, ದಟ್ಸ್ ಚೀಟಿಂಗ್."

"ತರಕಾರಿ ನೋಡೋದು ಚೀಟಿಂಗಾ? ಹೋಗು, ಓದು."

ಅವಳು ಓದಿದಳು. ಓದಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಜೊತೆಗಾತಿಯರಿಗೆ ಹೇಳಿದಳು. ಅವರು ಮನೆಯಲ್ಲಿ ಹೇಳಿದರು. ಬುಧವಾರ ನಾನು ಕೆಳಗೆ ಇಳಿದರೆ ಮಾಮಾ ಮ್ಬೋಗಾ ಗಾಡಿ ತೋರಿಸಿ ಕೇಳಿದಳು, "ಮಾಮಾ, ಇಂಡಿಯಾದವರಿಗೆ ಏನು ಹಬ್ಬ ಈ ವಾರ? ಎಲ್ಲರೂ ವಿಯಾಜಿ, ವಿಯಾಜಿ ಅಂತಾರೆ." ವಿಯಾಜಿ ಎಂದರೆ ಆಲೂಗಡ್ಡೆ. ಅವಳ ಬುಟ್ಟಿ ಬರಿದಾಗಿತ್ತು. ನನಗೆ ನಗು ಬಂತು. ನಕ್ಕೆ ಕೂಡ.

ಆಲೂಗಡ್ಡೆಯ ಸುದ್ದಿ ತಡವಾಗಿ ತಲುಪಿದ ಯಾರೋ ಒಬ್ಬ ತಂದೆ ಶಾಲೆಗೆ ಹೋಗಿ ಗಲಾಟೆ ಮಾಡಿದನಂತೆ, ನಿಮ್ಮ ಲ್ಯಾಬ್‌ನವನು ತನ್ನ ಜನಕ್ಕೆ ಮಾತ್ರ ಹೇಳುತ್ತಾನೆ ಎಂದು.

ಶುಕ್ರವಾರ ಸಂಜೆ ನಾಲ್ಕಕ್ಕೆ ನಮ್ಮ ಬೆಲ್ಲು ಹೊಡೆಯಿತು. ತೆರೆದರೆ ಅವರು. ಅಕ್ಟೋಬರಿನಲ್ಲಿ.

"ಕಾಫಿ ಇದೆಯಾ ಅಮ್ಮ?" ಎಂದು ಒಳಗೆ ಬಂದು ಕಿಟಕಿಯ ಪಕ್ಕ ಕೂತರು. "ಇನ್ನು ಬರಬಹುದು. ಕೀ ಕೊಟ್ಟು ಬಂದೆ."

ನಿಂತಲ್ಲೇ ಕೇಳಿದೆ. ಹೆಡ್‌ಮಿಸ್ಟ್ರೆಸ್ ಕರೆಸಿದರಂತೆ. ಆಲೂಗಡ್ಡೆ ಹೌದೋ ಅಲ್ಲವೋ, ಒಂದು ಮಾತು ಹೇಳಿ ಎಂದರಂತೆ. ಇವರು, ಅದು ನಾನು ಹೇಳುವ ಮಾತಲ್ಲ ಮೇಡಂ, ಪರೀಕ್ಷೆಯ ದಿನ ತಿಳಿಯುತ್ತದೆ ಎಂದರಂತೆ. ಹಾಗಾದರೆ ಸುದ್ದಿ ಎಲ್ಲಿಂದ ಹೊರಟಿತು ಎಂದು ಆಕೆ ಕೇಳಿದರೆ, ತಪ್ಪು ನನ್ನದೇ ಎಂದರಂತೆ. ಇನ್ನೇನು ಮಾಡುತ್ತಾರೆ ಆಕೆ, ಕೀ ಇಸಿದುಕೊಂಡರು.

"ತಪ್ಪು ನಿಮ್ಮದಲ್ಲ, ನನ್ನದು," ಎಂದೆ. "ಚೀಲ ನೋಡಿದ್ದು ನಾನು."

"ಗೊತ್ತು."

"ಹೌದೋ ಅಲ್ಲವೋ ಅಂತ ಒಂದು ಮಾತು ಹೇಳಿಬಿಡಬಾರದಾ ಆ ಹೆಂಗಸಿಗೆ?"

"ಹೌದು ಅಂದ್ರೂ ಹೇಳಿದ ಹಾಗೆ, ಅಲ್ಲ ಅಂದ್ರೂ ಹೇಳಿದ ಹಾಗೆ ಅಮ್ಮ."

"ನಾಳೆ ನಾನೇ ಶಾಲೆಗೆ ಹೋಗ್ತೀನಿ."

ಆಗ ಮಾತ್ರ ಅವರ ದನಿ ಏರಿತು. "ಹೋಗಬೇಡಿ. ಈಗ ಹೋದ್ರೆ ಹುಡುಗಿ ಹೆಸರು ಬರುತ್ತೆ. ಪೇಪರ್ ತಡೆಹಿಡೀತಾರೆ, ಈ ಸೈನ್ಸ್ ಮಾತ್ರ ಅಲ್ಲ, ಎಲ್ಲಾ. ರಿಸಲ್ಟ್ ಕೈಗೆ ಬರೋತನಕ ಬಾಯಿ ಬಿಡಬೇಡಿ."

ನಾನು ಆಗಲಿ ಎಂದೆ. ತಕ್ಷಣ ಎಂದೆ. ನನಗೆ ಬೇಕಾಗಿದ್ದೂ ಅದೇ, ಸುಳ್ಳೇಕೆ. ಅವರು ಕಾಫಿ ಅರ್ಧ ಕುಡಿದು ಎದ್ದರು. ಡಿಕಾಕ್ಷನ್ ಹಳೆಯದಾಯಿತೇನೋ ಅಂದುಕೊಂಡೆ.

ಪ್ರಾಕ್ಟಿಕಲ್ ದಿನ ಬೆಳಿಗ್ಗೆ ಕಾಂಪೌಂಡಿನ ಜಕರಾಂಡಾ ಮರದ ಕೆಳಗಿನ ಬೆಂಚಿನಲ್ಲಿ ಅವರು ಕೂತಿದ್ದರು. ನೆಲವೆಲ್ಲ ನೇರಳೆ ಹೂವು. ನಾನು ಸೊಪ್ಪು ಬಿಡಿಸುವ ಮೊರ ತಂದು ಪಕ್ಕದಲ್ಲಿ ಕೂತೆ. ಗಡಿಯಾರ ನೋಡುತ್ತಾ ಒಂದೊಂದೇ ಮಾತು ಹೇಳುತ್ತಿದ್ದರು.

"ಈಗ ಒಳಗೆ ಬಿಟ್ಟರು."

"ಈಗ ಹೆಸರು, ನಂಬರ್ ಬರೀತಾರೆ."

"ಈಗ ಯಾವನೋ ಒಬ್ಬ ಟ್ಯೂಬ್ ಒಡೆದಿರ್ತಾನೆ."

"ನಮ್ಮವಳಾ?" ಎಂದೆ.

"ಅವಳು ಒಡೆಯಲ್ಲ ಈ ಸಲ."

ಆಮೇಲೆ ನೋಡಿದರೆ ಅವರ ಬಲಗೈ ಮೊಣಕಾಲಿನ ಮೇಲೆ ಆಡುತ್ತಿತ್ತು. ಹೆಬ್ಬೆರಳು, ಎರಡು ಬೆರಳು, ಏನನ್ನೋ ಒತ್ತಿ ತೊಟ್ಟು ತೊಟ್ಟಾಗಿ ಬಿಡುವ ಹಾಗೆ. ಬಿಡುವುದು, ನಿಲ್ಲಿಸುವುದು, ಬಗ್ಗಿ ನೋಡುವುದು. ಹಿಂದಿನ ಕೋಣೆಯಲ್ಲಿ ಮಾಡಬೇಕಾದದ್ದನ್ನು ಬೆಂಚಿನ ಮೇಲೆ ಮಾಡುತ್ತಿದ್ದರು. ನಾನು ಸೊಪ್ಪಿನ ಕಡೆ ತಿರುಗಿಕೊಂಡೆ. ಮುಗಿಯುವ ಹೊತ್ತಾದಾಗ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಆಯ್ತು" ಎಂದು ಎದ್ದು ಹೋದರು.

ತನ್ವಿ ಬಂದಳು. ಚಪ್ಪಲಿ ಬಿಡುವ ಮುಂಚೆ ಕೇಳಿದೆ, "ಆಲೂಗಡ್ಡೇನಾ?"

"ಬನಾನಾಸ್, ಅಜ್ಜಿ. ಒನ್ ರೈಪ್, ಒನ್ ರಾ. ನೋ ಪೊಟೇಟೊ ಎನಿವೇರ್."

ಬಾಳೆ. ಹಣ್ಣೊಂದು, ಕಾಯೊಂದು. ಚೀಲದಲ್ಲಿ ಬಾಳೆ ಬಂದಿತ್ತು, ಎರಡು. ನಾವು ತಿಂದಿದ್ದೆವು.

ಹಾಗಾದರೆ ಆಲೂಗಡ್ಡೆ ಎಲ್ಲಿ ಹೋಯಿತು? ಡಬ್ಬಿ ತೆಗೆದುಕೊಂಡು ಆ ಸಂಜೆಯೇ ಹತ್ತಿದೆ. "ನಾಳೆ ಬನ್ನಿ ಅಮ್ಮ," ಎಂದರು, "ಇನ್ನೂ ಒಂದು ದಿನ ಆಗಿಲ್ಲ." ಕೀ ಕಿತ್ತುಕೊಂಡ ಮೇಲೂ ಆ ಒಂದು ದಿನದ ಲೆಕ್ಕ ಬಿಡಲಿಲ್ಲ ಆ ಮನುಷ್ಯ. ಮಾರನೇ ದಿನ ಅದೇ ಹೊತ್ತಿಗೆ ಹೋದೆ. ಈ ಸಲ ಬಾಗಿಲು ಪೂರ್ತಿ ತೆರೆದಿತ್ತು.

"ನಾನೇ ತಿಂದೆ ಅಮ್ಮ," ಎಂದರು. "ಬೇಯಿಸಿ, ಉಪ್ಪು ಹಾಕಿ, ಕಿವುಚಿಕೊಂಡು. ಆ ಶನಿವಾರ ಬೇರೇನೂ ಹೊಟ್ಟೇಲಿ ನಿಲ್ತಿರಲಿಲ್ಲ. ಎರಡು ಬಿಡಬೇಕು ಅಂತ ಎತ್ತಿಟ್ಟಿದ್ದೆ, ಭಾನುವಾರ ಬೆಳಿಗ್ಗೆ ಹಸಿವಾಯ್ತು, ಅದನ್ನೂ ತಿಂದೆ. ಅದಕ್ಕೇ ತಪ್ಪು ನನ್ನದು ಅಂದಿದ್ದು."

"ಮತ್ತೆ ನನ್ನ ಸಾರು?"

"ಹುಳಿ ಆಗಿಬರಲ್ಲ ಅಮ್ಮ. ಎರಡು ತಿಂಗಳಾಯ್ತು. ಗೇಟಿನ ಅಸ್ಕಾರಿಗೆ ಕೊಡ್ತಿದ್ದೆ. ಅವನಿಗೆ ಇಷ್ಟ."

ಎರಡು ತಿಂಗಳು ನಾನು ಕಾವಲುಗಾರನಿಗೆ ಅಡುಗೆ ಮಾಡಿ, ಡಬ್ಬಿ ಬೆಳ್ಳಗೆ ಬಂತು ಎಂದು ಸಂತೋಷಪಟ್ಟಿದ್ದೆ. ಅವರ ಶರಟಿನ ಕಾಲರಿನಲ್ಲಿ ನನ್ನ ಎರಡು ಬೆರಳು ಹೋಗುವಷ್ಟು ಜಾಗ ಆಗಿತ್ತು. ಚೀಲದಲ್ಲಿ ಏನಿಲ್ಲ ಎಂದು ಹುಡುಕಿದ ಕಣ್ಣಿಗೆ ಅದು ಕಾಣಲಿಲ್ಲ.

ನಾನೂ ಮಗಳೂ ಬಲವಂತ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೊಟ್ಟೆಯಲ್ಲಿ ಗಡ್ಡೆ. ಹೆಚ್ಚು ದಿನ ಉಳಿದಿಲ್ಲ ಎಂದು ಡಾಕ್ಟರು ಹೇಳಿದ ರೀತಿಯಲ್ಲೇ ತಿಳಿಯಿತು. ತನ್ವಿಯ ಕೊನೆಯ ಹಸಿರು ಪೇಪರ್ ಮುಗಿಯುವ ಹೊತ್ತಿಗೆ ಅವರು ಮಂಚ ಬಿಟ್ಟು ಏಳುತ್ತಿರಲಿಲ್ಲ. ನೋಡಲು ಹೋದರೆ ಒಂದೇ ಕೇಳುತ್ತಿದ್ದರು, "ಹಿಂದಿನ ಕೋಣೇಲಿ ಈ ಸಲ ಯಾರು ಮಾಡಿದ್ರು? ಹಾಳೆ ತುಂಬಿದಾರಾ?" ನನಗೇನು ಗೊತ್ತು. ಹೊಸ ಹುಡುಗಿಯೊಬ್ಬಳು ಬಂದಿದ್ದಾಳಂತೆ, ತುಂಬಿದ್ದಾಳಂತೆ ಎಂದೆ. "ಬಗ್ಗಿ ನೋಡಿದ್ಲೋ ಇಲ್ವೋ," ಎಂದರು.

ಡಿಸೆಂಬರಿನಲ್ಲಿ ಹೋದರು. ರಿಸಲ್ಟಿಗೆ ಇನ್ನೂ ಒಂದು ತಿಂಗಳಿತ್ತು.

ಚಿತಾಗಾರಕ್ಕೆ ಹದಿನೈದು ಇಪ್ಪತ್ತು ಜನ ಬಂದಿದ್ದಿರಿ. ನನ್ನ ಹಿಂದೆ ನಿಂತಿದ್ದ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

"ಪಾಪ, ಒಳ್ಳೇ ಮನುಷ್ಯ."

"ಒಳ್ಳೇ ಮನುಷ್ಯ ನಿಜ ಕಣೇ, ಕೊನೇಲಿ ಹೀಗೆ ಮಾಡಿಕೊಂಡ್ರಲ್ಲ. ಲೀಕ್ ಮಾಡೋದು ಮಾಡಿದ್ರು, ಅದೂ ತಪ್ಪು ಹೇಳಿದ್ರು. ನಮ್ಮವನು ವಾರವೆಲ್ಲ ಆಲೂಗಡ್ಡೆ ಕುಯ್ದ."

ತಿರುಗಿ ಹೇಳಬೇಕಿತ್ತು. ಒಂದು ಮಾತು. ನನ್ನ ನಾಲಗೆಗೆ ಯಾವತ್ತೂ ಬೀಗ ಇರಲಿಲ್ಲ, ಈ ಕೂಟದಲ್ಲಿ ಅದು ಎಲ್ಲರಿಗೂ ಗೊತ್ತು. ಆವತ್ತು ಪಕ್ಕದಲ್ಲಿ ತನ್ವಿ ನಿಂತಿದ್ದಳು, ರಿಸಲ್ಟ್ ಬಂದಿರಲಿಲ್ಲ. ಅವರೇ ಬೇಡ ಎಂದಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಹೆಣದ ಮುಂದೆ ನಿಂತು ಹೆಣದ ಮೇಲೆ ಹೊರೆ ಹೊರಿಸಿದೆ. ಮಾಮಾ ಮ್ಬೋಗಾ ಕೂಡ ಬಂದಿದ್ದಳು, ಗಾಡಿ ಬಿಟ್ಟು. ನನ್ನ ಕೈ ಹಿಡಿದು "ಪೋಲೆ ಸಾನಾ, ಮಾಮಾ" ಎಂದಳು. ದುಃಖಕ್ಕೆ ಅವರು ಹೇಳುವ ಮಾತು ಅದು. ಅವಳ ಮುಖ ನೋಡಲಾಗಲಿಲ್ಲ.

ಜನವರಿಯಲ್ಲಿ ರಿಸಲ್ಟ್ ಬಂತು. ತನ್ವಿಗೆ ಬಯಾಲಜಿಯಲ್ಲಿ ಬಿ. ಅವಳಿಗೆ ಸಾಕಾಗಿತ್ತು. ಸರ್ಟಿಫಿಕೇಟು ಮಗಳ ಬೀರುವಿಗೆ ಸೇರಿದ ಮಾರನೇ ದಿನ ಹುಡುಗಿಯನ್ನು ಕರೆದುಕೊಂಡು ಶಾಲೆಗೆ ಹೋದೆ. ನನ್ನ ಇಂಗ್ಲಿಷು ಅಂಗಡಿಗೆ ಸಾಕು, ಅಲ್ಲಿಗೆ ಸಾಲದು. ನಾನು ಹೇಳುತ್ತೇನೆ, ನೀನು ಇಂಗ್ಲಿಷಿನಲ್ಲಿ ಹೇಳು ಎಂದೆ.

ಹೆಡ್‌ಮಿಸ್ಟ್ರೆಸ್ ಕೀನ್ಯಾದ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವರು. ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

"ಚೀಲ ನೋಡಿದವಳು ನಾನು, ಹೇಳಿದವಳು ನಾನು, ಅವರು ಒಂದಕ್ಷರ ಬಿಡಲಿಲ್ಲ ಅಂತ ಹೇಳು," ಎಂದೆ.

ತನ್ವಿ ಹೇಳಲು ಶುರುಮಾಡಿದಳು. ನಾನು ಹೇಳಿದ್ದಕ್ಕಿಂತ ಉದ್ದವಾಯಿತು. ನಡುವೆ ಅವಳು ತನ್ನ ಎದೆ ಮುಟ್ಟಿಕೊಂಡು, ಬೆರಳು ಮಡಚಿ ಹೆಸರುಗಳನ್ನು ಎಣಿಸಿದಳು. ಜೊತೆಗಾತಿಯರ ನಾಲ್ಕು ಹೆಸರು. ನನಗೆ ಅಷ್ಟು ಅರ್ಥವಾಯಿತು.

"ನಿನ್ನ ಹೆಸರು ಯಾಕೆ ಹೇಳಿದೆ?" ಎಂದೆ.

"ಬಿಕಾಸ್ ಐ ಟೋಲ್ಡ್ ದೆಮ್, ಅಜ್ಜಿ. ಯೂ ಟೋಲ್ಡ್ ಓನ್ಲಿ ಮಿ." ಆಮೇಲೆ ಕನ್ನಡದಲ್ಲಿ, ತಡವರಿಸಿ, "ನಂದೂ ಇದೆ."

ಹೆಡ್‌ಮಿಸ್ಟ್ರೆಸ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಲೂಗಡ್ಡೆ ಪ್ರಶ್ನೆಪತ್ರಿಕೆಯಲ್ಲಿ ಇರಲೇ ಇಲ್ಲವಲ್ಲ, ಆದ್ದರಿಂದ ಹುಡುಗಿಗೆ ಏನೂ ಆಗುವುದಿಲ್ಲ ಎಂದರು. ಪ್ರಾಕ್ಟಿಕಲ್ ಮುಗಿದ ದಿನವೇ ನನಗೂ ಅದು ತಿಳಿಯಿತು, ಅವರನ್ನು ಮತ್ತೆ ಕರೆಸಬೇಕು ಎಂದುಕೊಂಡೆ, ಬೇರೆ ಪೇಪರುಗಳ ಗಡಿಬಿಡಿ, ಮುಂದಿನ ವಾರ ನೋಡೋಣ ಎಂದುಕೊಂಡೆ ಎಂದರು. ಆ ಮುಂದಿನ ವಾರದಲ್ಲಿ ಮೇಷ್ಟ್ರು ಆಸ್ಪತ್ರೆಯಲ್ಲಿದ್ದರು. ನಾನು ಬೈಯಲಿಲ್ಲ. ಬೈಯುವ ಬಾಯಿ ನನಗೆಲ್ಲಿತ್ತು.

ಆಮೇಲೆ ಆಕೆ ತಾವೇ ಒಂದು ಕಾಗದ ಟೈಪು ಮಾಡಿ, ಸೈನ್ ಹಾಕಿ, ಸೀಲು ಒತ್ತಿದರು. ಅವರ ಮನೆಯವರಿಗೆ ಕೊಡಿ ಎಂದರು. ಮನೆಯವರು ಯಾರೂ ಇಲ್ಲ ಎಂದು ತನ್ವಿ ಹೇಳಿದಳು. ಹಾಗಾದರೆ ನೀವೇ ಇಟ್ಟುಕೊಳ್ಳಿ ಎಂದು ನನ್ನ ಕೈಗೆ ಕೊಟ್ಟರು. ಎರಡೇ ಸಾಲು. ಈ ಶಾಲೆಯಲ್ಲಿ ಕೆಲಸ ಮಾಡಿದಷ್ಟು ಕಾಲ ಪರೀಕ್ಷೆಯ ಯಾವ ಗುಟ್ಟನ್ನೂ ಇವರು ಬಿಟ್ಟುಕೊಟ್ಟಿಲ್ಲ, ಇವರ ಮೇಲಿನ ಮಾತು ತಪ್ಪು ಎಂದು ತನ್ವಿ ಓದಿ ಹೇಳಿದಳು.

ಕೂಟದ ವಾಟ್ಸಪ್‌ನಲ್ಲಿ ಹಾಕು ಎಂದೆ ಮಗಳಿಗೆ. "ಈಗ ಯಾಕಮ್ಮ, ಮುಗಿದ ವಿಷಯ. ನಮ್ಮ ಮಗೂ ಹೆಸರೂ ಎಳೆದು ತರ್ತಾರೆ," ಎಂದಳು. ಹುಡುಗಿಯನ್ನು ಕೇಳಿದೆ. "ಪುಟ್ ಇಟ್," ಎಂದಳು. ತಾಯಿ ಹಾಕಲಿಲ್ಲ, ತನ್ವಿಯೇ ಹಾಕಿದಳು. ಅದರ ಕೆಳಗೆ ಆರು ಜನ ಕೈಮುಗಿದ ಚಿತ್ರ ಕಳಿಸಿದರಂತೆ. ಅಷ್ಟರಲ್ಲಿ ಯಾರದೋ ಮನೆಯ ಸತ್ಯನಾರಾಯಣ ಪೂಜೆಯ ಫೋಟೋ ಬಂತು, ಇದು ಮೇಲಕ್ಕೆ ಸರಿದುಹೋಯಿತು. ಹೋದ ವಾರ ಕೂಡ ಒಬ್ಬಳು ನನ್ನೆದುರಿಗೇ ಅಂದಳು, "ಆ ಪೇಪರ್ ಲೀಕ್ ಮಾಡಿದವರು ಇದ್ರಲ್ಲ, ನಿಮ್ಮ ಮೇಲಿನ ಮನೆ?"

ಅಸಲು ಕಾಗದ ನನ್ನ ಹತ್ತಿರ ಇದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ನೋಡಬೇಕು ಎಂದವರು ಬಂದು ನೋಡಬಹುದು, ಮನೆ ಎಲ್ಲರಿಗೂ ಗೊತ್ತು, ಹಗಲು ಹೊತ್ತು ನಾನು ಮನೆಯಲ್ಲೇ ಇರುತ್ತೇನೆ. ಇದುವರೆಗೆ ಯಾರೂ ಬಂದಿಲ್ಲ.